ಜಾವಾ ಬೈಕಿಗೆ 12 ವೋಲ್ಟ್: ಹಳೆಯ ಡೈನಮೋ ಕಳಚುವ ಮುನ್ನ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 1961ರಿಂದ ಅಲ್ಲಿ ತಯಾರಾದ ಜಾವಾ ಹಾಗೂ 1973ರಿಂದ ಆ ಸ್ಥಾನಕ್ಕೆ ಬಂದ ಯೆಜ್ಡಿ ಬೈಕುಗಳು ಮಾತ್ರ ಇಂದಿಗೂ ರಾಜ್ಯದ ರಸ್ತೆಗಳಲ್ಲಿ ಓಡುತ್ತಿವೆ. ಇವುಗಳ ಎರಡು ಸ್ಟ್ರೋಕಿನ ಎಂಜಿನ್ ಸರಳ, ಗಟ್ಟಿಮುಟ್ಟು. ಮಾಲೀಕರನ್ನು ಕಾಡುವುದು ಎಂಜಿನ್ ಅಲ್ಲ, ವಿದ್ಯುತ್. ಸಂಜೆ ಹೆಡ್‌ಲೈಟ್ ಹಾಕಿದೊಡನೆ ಬೆಳಕು ಹಳದಿಗೆ ತಿರುಗುವುದು, ಬ್ರೇಕ್ ಒತ್ತಿದಾಗ ಇನ್ನಷ್ಟು ಮಂಕಾಗುವುದು, ಒಂದೆರಡು ರಾತ್ರಿಯ ಪ್ರಯಾಣದ ನಂತರ ಬೆಳಿಗ್ಗೆ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗದಿರುವುದು ಇದರ ಸಾಮಾನ್ಯ ಲಕ್ಷಣಗಳಾಗಿವೆ. ಇದಕ್ಕೆ ಪರಿಹಾರವೆಂದು ಹಳೆಯ 6 ವೋಲ್ಟ್ ಡೈನಮೋವನ್ನು ತೆಗೆದೆಸೆದು 12 ವೋಲ್ಟ್ ವ್ಯವಸ್ಥೆ ಅಳವಡಿಸುವ ರೂಢಿ ಬೆಳೆದಿದೆ. ಆದರೆ ಎಲ್ಲ ಗಾಡಿಗಳಿಗೂ ಅದರ ಅಗತ್ಯವಿಲ್ಲ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಜಾವಾ 250 ಬೈಕಿನ ಡೈನಮೋ ಉತ್ಪಾದಿಸುವ ಶಕ್ತಿ 45 ವಾಟ್. ಅಂದರೆ 6 ವೋಲ್ಟ್‌ನಲ್ಲಿ ಏಳೂವರೆ ಆಂಪಿಯರ್. ಇದು ಎಂಜಿನ್ ಒಳ್ಳೆಯ ವೇಗದಲ್ಲಿ ತಿರುಗುವಾಗಿನ ಮಾತು. ಸಿಗ್ನಲ್‌ನಲ್ಲಿ ನಿಂತು ಐಡ್ಲಿಂಗ್‌ನಲ್ಲಿರುವಾಗ ಡೈನಮೋದಿಂದ ಬ್ಯಾಟರಿಗೆ ಹೋಗುವುದು ಶೂನ್ಯವೆಂದೇ ಹೇಳಬೇಕು. ಈಗ ಖರ್ಚಿನ ಕಡೆ ನೋಡೋಣ. 35 ವಾಟ್‌ನ ಹೆಡ್‌ಲೈಟ್ ಬಲ್ಬ್ ಹಾಕಿದ್ದರೆ ಅದೊಂದೇ ಸುಮಾರು 6 ಆಂಪಿಯರ್ ಎಳೆಯುತ್ತದೆ. ಹಿಂದಿನ ದೀಪಕ್ಕೆ 5 ವಾಟ್, ಇಗ್ನಿಷನ್ ಕಾಯಿಲ್‌ಗೆ 15ರಿಂದ 20 ವಾಟ್ ಬೇಕು. ಒಟ್ಟು 55 ವಾಟ್ ದಾಟುತ್ತದೆ. ಬ್ರೇಕ್ ದೀಪ ಹಾಗೂ ಹಾರ್ನ್ ಈ ಲೆಕ್ಕದಲ್ಲಿಲ್ಲ. ಕೊರತೆಯಾದ ಹತ್ತು ವಾಟ್ ಬ್ಯಾಟರಿಯಿಂದ ಖರ್ಚಾಗುತ್ತ ಹೋಗುತ್ತದೆ. ಹಗಲಿನ ಓಡಾಟದಲ್ಲಿ ಮತ್ತೆ ತುಂಬದಿದ್ದರೆ ಬ್ಯಾಟರಿ ಖಾಲಿಯಾಗುವುದು ಖಚಿತ.

ಬಿ.ಎಸ್.ಎ., ನಾರ್ಟನ್ ಮುಂತಾದ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಕಿಡಿ ಕೊಡುವ ಕೆಲಸವನ್ನು ಬಹುಮಟ್ಟಿಗೆ ಪ್ರತ್ಯೇಕವಾದ ಮ್ಯಾಗ್ನೆಟೋ ನೋಡಿಕೊಳ್ಳುತ್ತಿತ್ತು. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಜಾವಾದಲ್ಲಿ ಹಾಗಲ್ಲ. ಇಲ್ಲಿ ಇಗ್ನಿಷನ್ ಬ್ಯಾಟರಿಯನ್ನೇ ಅವಲಂಬಿಸಿದೆ. ಬ್ಯಾಟರಿ ಬರಿದಾದರೆ ದೀಪದ ಜತೆಗೆ ಎಂಜಿನ್ನೂ ಕೈಕೊಡುತ್ತದೆ. ರಾತ್ರಿ ಘಾಟಿ ರಸ್ತೆಯಲ್ಲಿ ಎರಡೂ ಒಟ್ಟಿಗೆ ಹೋದರೆ ಸವಾರನ ಗತಿಯೇನೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲು ವೈರಿಂಗ್

ಮಂಕು ಬೆಳಕಿನ ದೂರಿನಲ್ಲಿ ಬಹಳಷ್ಟು ಸಲ ತಪ್ಪು ಡೈನಮೋದ್ದಾಗಿರುವುದಿಲ್ಲ. ಹಿಡಿಲು ಬಂದ ಅರ್ತ್ ಸಂಪರ್ಕ, ಸಡಿಲ ಕನೆಕ್ಟರ್, ಸವೆದ ಸ್ವಿಚ್, ಯಾರೋ ಎಂದೋ ಸುತ್ತಿದ ಟೇಪು ಇವೇ ಕಾರಣವಾಗಿರುತ್ತವೆ. ಬ್ಯಾಟರಿಯಿಂದ ಬಲ್ಬ್ ತಲುಪುವಷ್ಟರಲ್ಲಿ ಅರ್ಧ ವೋಲ್ಟ್ ಸೋರಿಹೋಯಿತು ಎಂದುಕೊಳ್ಳಿ. 6 ವೋಲ್ಟ್‌ನಲ್ಲಿ ಅದು ಶೇ 8ರಷ್ಟು ನಷ್ಟ. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್‌ಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ಬೆಳಕಿನಲ್ಲಿ ಸುಮಾರು ಕಾಲು ಭಾಗವೇ ಮಾಯವಾಗುತ್ತದೆ. 12 ವೋಲ್ಟ್‌ನಲ್ಲಿ ಅಷ್ಟೇ ಸೋರಿಕೆಗೆ ಕಳೆದುಹೋಗುವುದು ಏಳನೆಯ ಒಂದು ಭಾಗ ಮಾತ್ರ. ಹೊಸ ವ್ಯವಸ್ಥೆ ಹಾಕಿಸಿದವರು 'ಬೆಳಕು ಹಗಲಿನಂತಾಯಿತು' ಎನ್ನುವುದರ ಗುಟ್ಟು ಸ್ವಲ್ಪಮಟ್ಟಿಗೆ ಇಲ್ಲಿದೆ. ಅವರಿಗೆ ಜತೆಯಲ್ಲಿ ಹೊಸ ವೈರಿಂಗ್ ಸಹ ಸಿಕ್ಕಿರುತ್ತದೆ!

ಆದ್ದರಿಂದ ಒಂದು ಮಲ್ಟಿಮೀಟರ್ ಹಿಡಿದು ಪರೀಕ್ಷೆ ಆರಂಭಿಸುವುದು ಲೇಸು. ಪೂರ್ತಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 6.3 ವೋಲ್ಟ್ ತೋರಿಸಬೇಕು. ಎಂಜಿನ್ ವೇಗ ಹೆಚ್ಚಿಸಿದಾಗ ಇದು 7 ವೋಲ್ಟ್ ಆಸುಪಾಸಿಗೆ ಏರಬೇಕು. ಏರದಿದ್ದರೆ ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲ. ಏಳೂವರೆಯನ್ನೂ ದಾಟುತ್ತಿದ್ದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಬ್ಯಾಟರಿಯ ನೀರು ಕುದಿದು ಆರುತ್ತದೆ.

ಡೈನಮೋದಲ್ಲಿ ಮೊದಲು ಸವೆಯುವುದು ಕಾರ್ಬನ್ ಬ್ರಷ್. ಬ್ರಷ್ ಗಿಡ್ಡವಾಗಿದ್ದರೆ ಬದಲಿಸಬೇಕು. ತಾಮ್ರದ ಕಮ್ಯುಟೇಟರ್ ಕಪ್ಪಾಗಿದ್ದರೆ ನಯವಾಗಿ ಉಜ್ಜಿ, ಪಟ್ಟಿಗಳ ನಡುವಿನ ಗೀರುಗಳಲ್ಲಿ ತುಂಬಿದ ಇಂಗಾಲದ ಪುಡಿಯನ್ನು ತೆಗೆಯಬೇಕು. ಆರ್ಮೇಚರ್ ಸುಟ್ಟಿದ್ದರೆ ರಿವೈಂಡಿಂಗ್ ಮಾಡಿಸಬಹುದು. ಜಾವಾದಲ್ಲಿ ಆರ್ಮೇಚರ್ ಎಂಜಿನ್‌ನ ಬಲಬದಿಯಲ್ಲಿ, ಕ್ರ್ಯಾಂಕ್‌ಶಾಫ್ಟ್‌ನ ಇಳಿಜಾರಾದ ತುದಿಯಲ್ಲೇ ಕುಳಿತಿರುತ್ತದೆ. ಅದನ್ನು ಪುಲ್ಲರ್ ಬೋಲ್ಟ್ ಹಾಕಿಯೇ ಹೊರತೆಗೆಯಬೇಕು. ಸುತ್ತಿಗೆಯಿಂದ ಬಡಿದು ತೆಗೆಯುವ ಮೆಕ್ಯಾನಿಕ್ ಕೈಗೆ ಗಾಡಿ ಕೊಡದಿರುವುದೇ ಒಳ್ಳೆಯದು.

ರೆಗ್ಯುಲೇಟರ್ ಬದಲಾವಣೆ

ಎರಡನೆಯ ಹೆಜ್ಜೆ, ಡೈನಮೋವನ್ನು ಹಾಗೇ ಉಳಿಸಿಕೊಂಡು ಹಳೆಯ ರೆಗ್ಯುಲೇಟರ್ ಜಾಗದಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕುವುದು. ಹಳೆಯದರಲ್ಲಿ ಸುರುಳಿ, ಸ್ಪ್ರಿಂಗ್ ಹಾಗೂ ಪಾಯಿಂಟ್‌ಗಳಿರುತ್ತವೆ. ಡೈನಮೋದ ವೋಲ್ಟೇಜ್ ಬ್ಯಾಟರಿಗಿಂತ ಹೆಚ್ಚಾದಾಗ 'ಕಟ್‌ಔಟ್' ಅವೆರಡನ್ನೂ ಜೋಡಿಸುತ್ತದೆ, ಕಡಿಮೆಯಾದಾಗ ಬಿಡಿಸುತ್ತದೆ. ಪಾಯಿಂಟ್ ಅಂಟಿಕೊಂಡರೆ ನಿಂತ ಗಾಡಿಯಲ್ಲೂ ಬ್ಯಾಟರಿಯ ವಿದ್ಯುತ್ ಡೈನಮೋಗೆ ಹಿಮ್ಮುಖವಾಗಿ ಹರಿದು ಸುರುಳಿಯೇ ಸುಡಬಹುದು. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ಅಂಟಿಕೊಳ್ಳುವ ಪಾಯಿಂಟ್‌ಗಳೇ ಇರುವುದಿಲ್ಲ. ಅದನ್ನು ಹಳೆಯ ಡಬ್ಬಿಯೊಳಗೇ ಅಡಗಿಸಿಟ್ಟರೆ ಗಾಡಿಯ ನೋಟವೂ ಕೆಡುವುದಿಲ್ಲ.

ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಡೈನಮೋಗಳಲ್ಲಿ ಎರಡು ಬಗೆ. ಲ್ಯೂಕಾಸ್ ಬಗೆಯಲ್ಲಿ ಫೀಲ್ಡ್ ಸುರುಳಿಯ ಒಂದು ತುದಿ ಒಳಗೇ ಬಾಡಿಗೆ ಸೇರಿರುತ್ತದೆ. ಬಾಷ್ ಬಗೆಯಲ್ಲಿ ಅದು ಡೈನಮೋದ ಔಟ್‌ಪುಟ್‌ಗೆ ಸೇರಿರುತ್ತದೆ. ಒಂದರ ರೆಗ್ಯುಲೇಟರ್ ಇನ್ನೊಂದಕ್ಕೆ ಆಗದು. ಬ್ಯಾಟರಿಯ ಯಾವ ಧ್ರುವ ಫ್ರೇಮ್‌ಗೆ ಸೇರಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಧ್ರುವ ತಪ್ಪಾದರೆ ಎಲೆಕ್ಟ್ರಾನಿಕ್ ಭಾಗ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಇದರೊಂದಿಗೆ ಹಿಂದಿನ ದೀಪ, ಬ್ರೇಕ್ ದೀಪ ಹಾಗೂ ಮೀಟರ್ ದೀಪಗಳಿಗೆ 6 ವೋಲ್ಟ್‌ನ ಎಲ್‌ಇಡಿ ಬಲ್ಬ್ ಹಾಕಿದರೆ ಕೊರತೆಯ ದೊಡ್ಡ ಪಾಲು ತುಂಬಿಬರುತ್ತದೆ. ಭಾನುವಾರ ಮಾತ್ರ ಗಾಡಿ ಹೊರತೆಗೆಯುವವರಿಗೆ ಇಷ್ಟೇ ಸಾಕು.

ಅದೇ ಡೈನಮೋದಿಂದ 12 ವೋಲ್ಟ್ ಪಡೆಯುವ ಮಾರ್ಗವೂ ಇದೆ. ಸೂಕ್ತವಾದ 12 ವೋಲ್ಟ್ ರೆಗ್ಯುಲೇಟರ್ ಹಾಕಿ ಡೈನಮೋವನ್ನು ಇನ್ನೂ ವೇಗವಾಗಿ ತಿರುಗಿಸಿದರೆ ಅದು ದುಪ್ಪಟ್ಟು ವೋಲ್ಟೇಜ್ ಕೊಡಬಲ್ಲದು. ಆದರೆ ಚಾರ್ಜಿಂಗ್ ಆರಂಭವಾಗುವ ವೇಗವೂ ಸರಿಸುಮಾರು ದುಪ್ಪಟ್ಟಾಗುತ್ತದೆ. ಹೆದ್ದಾರಿಯ ಸವಾರನಿಗೆ ಸರಿ. ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ತೆವಳುವವನಿಗೆ ಇದು ನಷ್ಟದ ಬಾಬತ್ತು.

ಆಲ್ಟರ್ನೇಟರ್ ಕಿಟ್

ದಿನನಿತ್ಯ ರಾತ್ರಿ ಓಡಿಸುವವರಿಗೆ, ದೂರ ಪ್ರಯಾಣ ಹೋಗುವವರಿಗೆ ಮೂರನೆಯ ಮಾರ್ಗ ಸೂಕ್ತ. ಡೈನಮೋವನ್ನು ಪೂರ್ತಿ ಕಳಚಿ ಆ ಜಾಗದಲ್ಲಿ ಶಾಶ್ವತ ಆಯಸ್ಕಾಂತದ ರೋಟರ್ ಹಾಗೂ ಸ್ಟೇಟರ್ ಕೂರಿಸಲಾಗುತ್ತದೆ. ಚೆಕ್ ದೇಶದ 'ವೇಪ್' ಕಂಪೆನಿಯ ಕಿಟ್ ಇದರಲ್ಲಿ ಹೆಸರುವಾಸಿ. ಜಾವಾದ ಮೂಲವೂ ಅದೇ ದೇಶ ಎಂಬುದು ಇಲ್ಲಿ ಉಲ್ಲೇಖನೀಯ. ಆಲ್ಟರ್ನೇಟರ್‌ಗೆ ಬ್ರಷ್, ಕಮ್ಯುಟೇಟರ್ ಬೇಕಿಲ್ಲ. ಹುಟ್ಟಿದ ಎ.ಸಿ. ವಿದ್ಯುತ್ತನ್ನು ರೆಗ್ಯುಲೇಟರ್-ರೆಕ್ಟಿಫಯರ್ ಡಿ.ಸಿ.ಗೆ ಪರಿವರ್ತಿಸುತ್ತದೆ.

ಜಾವಾದಲ್ಲಿ ಇಗ್ನಿಷನ್ ಪಾಯಿಂಟ್‌ಗಳೂ ಡೈನಮೋದ ತುದಿಯಲ್ಲೇ ಇರುವುದರಿಂದ ಡೈನಮೋ ಹೋದರೆ ಪಾಯಿಂಟೂ ಹೋಗುತ್ತದೆ. ಹೀಗಾಗಿ ಇಂತಹ ಕಿಟ್‌ಗಳು ಎಲೆಕ್ಟ್ರಾನಿಕ್ ಇಗ್ನಿಷನ್‌ನೊಂದಿಗೇ ಬರುತ್ತವೆ. ಖರ್ಚು ಹೆಚ್ಚಲು ಇದೂ ಒಂದು ಕಾರಣ. ಬ್ಯಾಟರಿ, ಎಲ್ಲ ಬಲ್ಬ್‌ಗಳು, ಹಾರ್ನ್ ಮತ್ತು ಇಂಡಿಕೇಟರ್ ಇದ್ದರೆ ಅದರ ಫ್ಲಾಷರ್ ಎಲ್ಲವೂ 12 ವೋಲ್ಟ್‌ನವೇ ಆಗಬೇಕು. ಒಂದನ್ನು ಮರೆತರೂ ಅದು ಸುಡುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸುವುದನ್ನು ಕಡ್ಡಾಯವೆಂದೇ ಭಾವಿಸಬೇಕು. ಕೆಲಸ ಮುಗಿದ ಮೇಲೆ ಎಂಜಿನ್ ವೇಗದಲ್ಲಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಕಾಣಬೇಕು.

ಕಾನೂನು ಮತ್ತು ಮೂಲ ರೂಪ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ 'ವಿಂಟೇಜ್' ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಪ್ರಕಟಿಸಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಮೈಸೂರಿನ ಮೊದಲ ದಶಕದ ಜಾವಾಗಳೆಲ್ಲ ಈ ವಯಸ್ಸು ದಾಟಿವೆ. ಹೊಸ ನೋಂದಣಿಗೆ ರೂ 20,000 ಶುಲ್ಕ. ಆದರೆ ಹೀಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು, ನಿತ್ಯ ಬಳಕೆಗೆ ಅವಕಾಶವಿಲ್ಲ. ರಾತ್ರಿ ಓಡಾಟಕ್ಕೆಂದೇ 12 ವೋಲ್ಟ್ ಮಾಡಿಸುವವರು ಈ ನೋಂದಣಿಯತ್ತ ಹೋಗುವ ಮುನ್ನ ಯೋಚಿಸಬೇಕಾಗುತ್ತದೆ. ಇನ್ನು ರ‍್ಯಾಲಿಗಳಲ್ಲಿ ತೀರ್ಪುಗಾರರ ಕಣ್ಣು ಮೂಲ ಬಿಡಿಭಾಗಗಳ ಮೇಲೆಯೇ ಇರುತ್ತದೆ.

ಯಾದವಗಿರಿಯ ಕಾರ್ಖಾನೆಯಿಂದ ಇನ್ನು ಒಂದೇ ಒಂದು ಡೈನಮೋ ಬರುವುದಿಲ್ಲ. 2018ರಲ್ಲಿ ಮರುಹುಟ್ಟು ಪಡೆದ ಜಾವಾ ಬೈಕುಗಳು ಪೂರ್ತಿ ಬೇರೆ ಯಂತ್ರಗಳಾದ್ದರಿಂದ ಅವುಗಳ ಭಾಗ ಇವಕ್ಕೆ ಒದಗದು. ಕಳಚಿದ ಆರ್ಮೇಚರ್, ಫೀಲ್ಡ್ ಸುರುಳಿ, ರೆಗ್ಯುಲೇಟರ್‌ಗಳನ್ನು ಗುಜರಿಗೆ ಹಾಕದೆ, ತೇವ ತಾಗದಂತೆ ಸುತ್ತಿ, ಗಾಡಿಯ ದಾಖಲೆಗಳ ಜತೆಗೇ ಇಡುವುದು ಸೂಕ್ತ. ಮೂಲ ವೈರಿಂಗ್‌ನ ತಂತಿಗಳನ್ನು ಕತ್ತರಿಸದೆ, ಕಿಟ್‌ಗೆ ಬೇರೆಯೇ ಹಾರ್ನೆಸ್ ಎಳೆಸಬೇಕು. ಮುಂದೆಂದಾದರೂ ಡೈನಮೋವನ್ನು ಮರಳಿ ಕೂರಿಸಿದಾಗ ಅದು ಚಾರ್ಜ್ ಮಾಡದಿದ್ದರೆ ಗಾಬರಿಯಾಗಬೇಕಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಡೈನಮೋದ ಕಬ್ಬಿಣದಲ್ಲಿ ಉಳಿದಿರುವ ಕಾಂತಶಕ್ತಿ ಕ್ಷೀಣಿಸಿರುತ್ತದೆ. ಬ್ಯಾಟರಿಯಿಂದ ಸರಿಯಾದ ಧ್ರುವದಲ್ಲಿ ಫೀಲ್ಡ್ ಸುರುಳಿಗೆ ಕ್ಷಣಕಾಲ ವಿದ್ಯುತ್ ಮುಟ್ಟಿಸಿದರೆ ಅದು ಮತ್ತೆ ಕೆಲಸ ಆರಂಭಿಸುತ್ತದೆ.