ಕಾಳಿನಲ್ಲಿ ಉಂಟು, ಚಿಗುರಿನಲ್ಲಿಲ್ಲ

ಬಟಾಣಿ ಕಾಳಿನ ಪ್ರೋಟೀನಿನಲ್ಲಿ ದೊಡ್ಡ ಪಾಲು ಗ್ಲೋಬುಲಿನ್‌ನದು. ಅದೇ ಗಿಡದ ಚಿಗುರಿನಲ್ಲಿ ಹುಡುಕಿದರೆ ಅದು ಸಿಗುವುದೇ ಕಷ್ಟ. ಕಾಳಿನ ಕೋಶದಲ್ಲೂ ಚಿಗುರಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದೂ ಒಂದು ಮಾಡುವ ಕೆಲಸವನ್ನು ಇನ್ನೊಂದು ಏಕೆ ಮಾಡುವುದಿಲ್ಲ? 1960ರ ದಶಕದ ಆರಂಭದಲ್ಲಿ, ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಜೇಮ್ಸ್ ಬಾನರ್ ಮತ್ತು ರು-ಚಿ ಹುವಾಂಗ್ ಈ ಪ್ರಶ್ನೆಯ ಬೆನ್ನು ಹತ್ತಿದರು.

ಅವರ ಕಣ್ಣು ಬಿದ್ದದ್ದು ಹಿಸ್ಟೋನ್ ಮೇಲೆ. 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಹಕ್ಕಿಯ ಕೆಂಪು ರಕ್ತಕಣಗಳಿಂದ ಬೇರ್ಪಡಿಸಿದ್ದ ಈ ಪ್ರೋಟೀನುಗಳು ಪ್ರತ್ಯಾಮ್ಲೀಯ. ಆಮ್ಲೀಯ ಡಿಎನ್‌ಎಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಇವೆರಡೂ ಕೂಡಿದ ಕ್ರೊಮ್ಯಾಟಿನ್‌ನಲ್ಲಿ ಹಿಸ್ಟೋನ್ ವಂಶವಾಹಿಗಳನ್ನು ಅದುಮಿಡುತ್ತಿರಬಹುದು ಎಂದು ಎಡಿನ್‌ಬರೋದ ಸ್ಟೆಡ್‌ಮನ್ ದಂಪತಿ 1950ರಲ್ಲೇ ಸೂಚಿಸಿದ್ದರು. ಪುರಾವೆ ಮಾತ್ರ ಬೇಕಿತ್ತು.

ಬಾನರ್ ಮೂಲತಃ ಸಸ್ಯಶರೀರ ವಿಜ್ಞಾನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಗ್ವಾಯೂಲೆ ಗಿಡದ ರಬ್ಬರಿನ ಮೇಲೂ ಕೆಲಸ ಮಾಡಿದ್ದವರು. ಹಾಗಾಗಿ ಹಿಸ್ಟೋನ್ ಅಧ್ಯಯನಕ್ಕೆ ಬಳಸುತ್ತಿದ್ದ ಕರುವಿನ ಥೈಮಸ್ ಗ್ರಂಥಿಯ ಬದಲು ಬಟಾಣಿ ಅವರ ಮೇಜಿಗೆ ಬಂದದ್ದು ಸಹಜ. 1962ರಲ್ಲಿ ಹುವಾಂಗ್ ಮತ್ತು ಬಾನರ್ ಬಟಾಣಿ ಭ್ರೂಣದ ಕ್ರೊಮ್ಯಾಟಿನ್ ತೆಗೆದು ಪರೀಕ್ಷಿಸಿದರು. ಹಿಸ್ಟೋನ್ ಅಂಟಿಕೊಂಡ ಡಿಎನ್‌ಎಯಿಂದ, ಪ್ರೋಟೀನ್ ತಯಾರಿಕೆಗೆ ಬೇಕಾದ ಆರ್‌ಎನ್‌ಎ ಹುಟ್ಟಲಿಲ್ಲ. ಹಿಸ್ಟೋನ್ ಕಳಚಿದಾಗ ಹುಟ್ಟಿತು.

ಮರುವರ್ಷದ ಪ್ರಯೋಗ ಇನ್ನೂ ಸೊಗಸು. ಕಾಳಿನ ಬೀಜದಳದ ಕ್ರೊಮ್ಯಾಟಿನ್ ಒಂದು ಕೊಳವೆಯಲ್ಲಿ, ಚಿಗುರಿನದು ಇನ್ನೊಂದರಲ್ಲಿ. ಪ್ರೋಟೀನ್ ಕಟ್ಟಲು ಬೇಕಾದ ಸರಕು ಇ. ಕೋಲಿ ಬ್ಯಾಕ್ಟೀರಿಯಾದಿಂದ. ಮೊದಲನೆಯದು ಗ್ಲೋಬುಲಿನ್ ತಯಾರಿಸಿತು, ಎರಡನೆಯದು ತಯಾರಿಸಲಿಲ್ಲ ಎನ್ನಬಹುದು. ಆದರೆ ಚಿಗುರಿನ ಡಿಎನ್‌ಎಯಿಂದ ಪ್ರೋಟೀನುಗಳನ್ನು ಕಿತ್ತುಹಾಕಿದೊಡನೆ ಅದೂ ಗ್ಲೋಬುಲಿನ್ ತಯಾರಿಸತೊಡಗಿತು! ಚಿಗುರಿಗೆ ಆ ವಿದ್ಯೆ ಗೊತ್ತಿತ್ತು. ಯಾರೋ ಬಾಯಿ ಕಟ್ಟಿದ್ದರು, ಅಷ್ಟೆ. ಸಸ್ಯವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾದ ಪ್ರಯೋಗಗಳು ವಿರಳ. ಇದಕ್ಕೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ.

1969ರಲ್ಲಿ ಬಟಾಣಿ ಮತ್ತೊಂದು ಅಚ್ಚರಿ ಒದಗಿಸಿತು. ಇಂದು ಎಚ್4 ಎನ್ನುವ ಹಿಸ್ಟೋನ್‌ನಲ್ಲಿ 102 ಅಮೈನೋ ಆಮ್ಲಗಳಿವೆ. ಬಾನರ್ ಗುಂಪು ಮತ್ತು ಲಾಸ್ ಏಂಜಲೀಸ್‌ನ ಎಮಿಲ್ ಸ್ಮಿತ್ ಗುಂಪು ಬಟಾಣಿ ಮೊಳಕೆಯ ಎಚ್4ನ್ನು ಕರುವಿನ ಎಚ್4ರ ಪಕ್ಕದಲ್ಲಿಟ್ಟು ಓದಿದಾಗ ಕಂಡ ವ್ಯತ್ಯಾಸ ಎರಡೇ ಎರಡು. ಗಿಡ ಮತ್ತು ಪ್ರಾಣಿಯ ದಾರಿಗಳು ಕವಲೊಡೆದು ನೂರು ಕೋಟಿಗೂ ಹೆಚ್ಚು ವರ್ಷಗಳಾಗಿವೆ. ಅಷ್ಟು ಕಾಲ ಬಹುಮಟ್ಟಿಗೆ ಬದಲಾಗದೆ ಉಳಿಯಬೇಕಾದರೆ ಅದರ ಕೆಲಸ ಎಷ್ಟು ಮುಖ್ಯವಿರಬೇಕು!

ಒಂದು ತೊಡಕು ಉಳಿದಿತ್ತು. ವಂಶವಾಹಿಗಳು ಸಾವಿರಾರು, ಹಿಸ್ಟೋನ್‌ನ ಮುಖ್ಯ ಬಗೆಗಳು ಐದೇ. ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹಿಸ್ಟೋನ್ ಒಂದೇ ಹೇಗೆ ನಿರ್ಧರಿಸೀತು? ಇಲ್ಲಿ ಬಾನರ್ ಅವರ ಚಿತ್ರ ಅಪೂರ್ಣವಾಗಿತ್ತು. 1964ರಲ್ಲಿ ವಿಜ್ಞಾನಿ ವಿನ್ಸೆಂಟ್ ಆಲ್‌ಫ್ರೀ ಹಿಸ್ಟೋನ್‌ಗೆ ಅಸಿಟೈಲ್ ಎಂಬ ರಾಸಾಯನಿಕ ಗುಂಪು ಸೇರಿದರೆ ಅದರ ಅದುಮುವ ಶಕ್ತಿ ಕುಗ್ಗುತ್ತದೆ ಎಂದು ತೋರಿಸಿದರು. 1974ರಲ್ಲಿ ರೋಜರ್ ಕೋರ್ನ್‌ಬರ್ಗ್ ಎಂಟು ಹಿಸ್ಟೋನ್‌ಗಳ ಘಟಕದ ಮಾದರಿ ಮುಂದಿಟ್ಟರು. ಡಿಎನ್‌ಎ ಅದಕ್ಕೆ ಸುತ್ತಿಕೊಂಡಿರುತ್ತದೆ. ಬಳಿಕ ಗೋಧಿ ಭ್ರೂಣದಲ್ಲಿ, ಮೆಕ್ಕೆಜೋಳದಲ್ಲಿ, ಎಚ್‌ಎಂಜಿ ಎಂಬ ಹಿಸ್ಟೋನೇತರ ಕ್ರೊಮ್ಯಾಟಿನ್ ಪ್ರೋಟೀನುಗಳ ಶೋಧ ಸಾಗಿತು.

2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬಾರ್ಲಿಯಲ್ಲಿ ಹಿಸ್ಟೋನ್‌ನ ಎಳೆಯನ್ನೇ ಮತ್ತೆ ಹಿಡಿದರು. ಚಳಿ ತಗುಲಿದ ಸಸಿಯಲ್ಲಿ, ಹೂಬಿಡಲು ಪ್ರೇರೇಪಿಸುವ ವಿಆರ್‌ಎನ್1 ವಂಶವಾಹಿಯ ಹಿಸ್ಟೋನ್ ಮೇಲಿನ ತಡೆಗುರುತುಗಳು (ಅಸಿಟೈಲ್‌ನಂತೆ ಹಿಸ್ಟೋನ್‌ಗೆ ಸೇರುವ ರಾಸಾಯನಿಕ ಗುಂಪುಗಳು) ಕಡಿಮೆಯಾಗಿ, ಚಾಲನೆಯ ಗುರುತುಗಳು ಹೆಚ್ಚಿದ್ದವು. ಚಳಿ ಕಳೆದ ಮೇಲೂ ಆ ಸ್ಥಿತಿ ಉಳಿದಿತ್ತು.