ಸೇತುವೆ ಮೇಲಿನ ಸಾವು ಎಣಿಸೋದು ಹೇಗೆ?

ನಾನು ಬಿ.ಕಾಂ. ಓದಿದವನು. ಇತಿಹಾಸದ ಪುಸ್ತಕ ಹಿಡಿದರೂ ನನ್ನ ಕಣ್ಣು ಮೊದಲು ಹೋಗೋದು ಅಂಕಿಗಳ ಕಡೆಗೇ. ಇವತ್ತಿನ ಕತೆ ಲಂಡನ್ನಿನ ಒಂದು ಸೇತುವೆಯದ್ದು. ಲೆಕ್ಕವನ್ನು ಹೇಗೆ ಓದ್ತೀವಿ ಅನ್ನೋದರ ಮೇಲೆ ಅಲ್ಲಿ ಜನರ ಜೀವ ನಿಂತಿತ್ತು.

ಥೇಮ್ಸ್ ನದಿ ಮೇಲಿನ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯನ್ನು 1869ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟಿಸಿದರು. ಆಗ ಅದು ಕುದುರೆ ಗಾಡಿಗಳ ಕಾಲ. 1907–10ರಲ್ಲಿ ಟ್ರಾಮ್ ಓಡಿಸೋಕೆ ಸೇತುವೆಯನ್ನು ಅಗಲ ಮಾಡಿದರು. ಮುಂದೆ ಟ್ರಾಮ್ ನಿಂತುಹೋಯ್ತು, ಆ ಅಗಲವೆಲ್ಲ ಕಾರು, ಬಸ್ಸುಗಳ ಪಾಲಾಯ್ತು.

2003ರಲ್ಲಿ ಒಬ್ಬರು, 2004ರಲ್ಲಿ ಇನ್ನೊಬ್ಬರು ಸೈಕಲ್ ಸವಾರರು ಇಲ್ಲಿ ಪ್ರಾಣ ಕಳೆದುಕೊಂಡರು. ಸೈಕಲ್‌ಗೆ ಲೇನ್ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಅದು ಕಾರುಗಳ ಲೇನ್ ಮತ್ತು ಬಸ್ ಲೇನ್ ನಡುವೆ ಬಳಿದ ಒಂದು ಪಟ್ಟಿ ಅಷ್ಟೆ. ಬಸ್ಸು ತನ್ನ ಲೇನಿಗೆ ಬರಬೇಕಾದ್ರೆ ಆ ಪಟ್ಟಿಯನ್ನು ದಾಟಿಯೇ ಬರಬೇಕು.

ಬ್ರಿಟನ್ನಿನಲ್ಲಿ ಅಪಘಾತದಲ್ಲಿ ಯಾರಿಗಾದ್ರೂ ಪೆಟ್ಟಾಗಿ ಪೊಲೀಸರಿಗೆ ಗೊತ್ತಾದರೆ, ಅದು ‘ಸ್ಟ್ಯಾಟ್ಸ್19’ ಅನ್ನೋ ದಾಖಲೆಗೆ ಸೇರುತ್ತೆ. 1949ರಿಂದ ನಡೆದು ಬಂದಿರೋ ವ್ಯವಸ್ಥೆ ಇದು. ಸಾವು, ತೀವ್ರ ಗಾಯ, ಸಣ್ಣ ಗಾಯ ಅಂತ ಮೂರು ವಿಭಾಗ. ಅಪಘಾತವಾಗಿ 30 ದಿನದೊಳಗೆ ಸತ್ತರೆ ಅದು ‘ಸಾವು’. ಆದರೆ ಕೂದಲೆಳೆಯಲ್ಲಿ ಪಾರಾದವರು ಇದರಲ್ಲಿ ಇಲ್ಲ. ಹೆದರಿ ಸೈಕಲ್ಲನ್ನೇ ಬಿಟ್ಟವರೂ ಇಲ್ಲ.

ಈಗ 2011ಕ್ಕೆ ಬನ್ನಿ. ರೈಲು ನಿಲ್ದಾಣದ ಕಾಮಗಾರಿ ಅಂತ ಸೇತುವೆ ಮೇಲೆ ವೇಗದ ಮಿತಿಯನ್ನು ಗಂಟೆಗೆ 20 ಮೈಲಿಗೆ, ಅಂದ್ರೆ ಸುಮಾರು 32 ಕಿ.ಮೀ.ಗೆ ಇಳಿಸಿದ್ದರು. ಕೆಲಸ ಮುಗೀತಿದ್ದ ಹಾಗೆ ಅದನ್ನು ಮತ್ತೆ 30 ಮೈಲಿಗೆ ಏರಿಸೋಕೆ ನಗರದ ಸಾರಿಗೆ ಸಂಸ್ಥೆ ‘ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್’ ಹೊರಟಿತು. ವಾಹನಗಳು ಸರಾಗವಾಗಿ ಸಾಗಬೇಕು ಅನ್ನೋದು ವಾದ. ಸ್ಕೂಲಲ್ಲಿ ಓದಿದ ಫಿಸಿಕ್ಸ್ ನೆನಪಿದ್ಯಾ? ವೇಗ ಒಂದೂವರೆ ಪಟ್ಟಾದರೆ ಅದರ ಹಿಂದಿನ ಶಕ್ತಿ ಎರಡೂ ಕಾಲು ಪಟ್ಟು! ಬೆಳಗಿನ ರಶ್‌ನಲ್ಲಿ ಸೇತುವೆ ದಾಟುವ ವಾಹನಗಳಲ್ಲಿ ಆಗಲೇ ಸೈಕಲ್ಲುಗಳದ್ದೇ ದೊಡ್ಡ ಗುಂಪು. 20 ಮೈಲಿಯನ್ನೇ ಉಳಿಸಿ ಅಂತ ಲಂಡನ್ ಅಸೆಂಬ್ಲಿ ಒಮ್ಮತದಿಂದ ಕೇಳಿತು. ಸವಾರರು ಸೇತುವೆ ಮೇಲೇ ನಿಧಾನಕ್ಕೆ ಸೈಕಲ್ ತುಳಿದು ಪ್ರತಿಭಟಿಸಿದರು.

ಇಲ್ಲೇ ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿ ಎದ್ದು ಕೂರೋದು. ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಸೇತುವೆಯಲ್ಲಿ 1,000 ಸವಾರರು, 10 ಅಪಘಾತ. ಕೆಲವು ವರ್ಷದ ಮೇಲೆ 3,000 ಸವಾರರು, 12 ಅಪಘಾತ. ‘ಅಪಘಾತ ಹೆಚ್ಚಾಯ್ತು’ ಅಂತ ಹೆಡ್‌ಲೈನ್ ಬರುತ್ತೆ. ಆದರೆ ಒಬ್ಬೊಬ್ಬ ಸವಾರನಿಗಿದ್ದ ಅಪಾಯ ಅರ್ಧಕ್ಕಿಂತ ಕಡಿಮೆಯಾಗಿದೆ! ಉಲ್ಟಾನೂ ಆಗಬಹುದು. ಭಯಕ್ಕೆ ಎಲ್ಲರೂ ಸೈಕಲ್ ಬಿಟ್ಟರೆ ಅಪಘಾತ ಸೊನ್ನೆ. ಆ ಸೊನ್ನೆಯನ್ನು ಸುರಕ್ಷತೆ ಅನ್ನೋಕಾಗುತ್ತಾ?

2016ರಲ್ಲಿ ಸೇತುವೆಯ ಪಶ್ಚಿಮ ಬದಿಯಲ್ಲಿ ಕಲ್ಲಿನ ಅಂಚು ಕಟ್ಟಿ, ಎರಡೂ ದಿಕ್ಕಿಗೆ ಹೋಗೋ ಪ್ರತ್ಯೇಕ ಸೈಕಲ್ ಪಥ ಮಾಡಿದರು. ಈ ಸೇತುವೆ ಮತ್ತು ಪಕ್ಕದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ರಸ್ತೆಯಲ್ಲಿ ಸೈಕಲ್ ಪಥಕ್ಕೆ ಹೋದ ಜಾಗ ಶೇ. 30. ದಟ್ಟಣೆಯ ಹೊತ್ತಲ್ಲಿ ಅದರಲ್ಲಿ ಸಾಗಿದ ಜನ ಶೇ. 46. ಇದು ಅದೇ ಸಾರಿಗೆ ಸಂಸ್ಥೆ ಕೊಟ್ಟ ಲೆಕ್ಕ. ಕೊನೆಗೆ 2020ರಲ್ಲಿ ಮಧ್ಯ ಲಂಡನ್ನಿನ ತನ್ನ ರಸ್ತೆಗಳಿಗೆಲ್ಲ 20 ಮೈಲಿ ಮಿತಿ ಹಾಕಿದ್ದೂ ಆ ಸಂಸ್ಥೆಯೇ!

ಅಷ್ಟೂ ಜನ ಒಂದೇ ದಿನ ಹುಟ್ಟಿದವರಲ್ಲ. ಎಷ್ಟೋ ಜನಕ್ಕೆ ಮೊದಲೇ ಸೈಕಲ್ ಬೇಕಿತ್ತು, ಧೈರ್ಯ ಇರಲಿಲ್ಲ. ಅವರು ಹಳೆಯ ಯಾವ ಕಾಲಂನಲ್ಲೂ ಇರಲಿಲ್ಲ. ಇನ್ಮೇಲೆ ‘ಇಷ್ಟು ಅಪಘಾತ’ ಅನ್ನೋ ಸುದ್ದಿ ಫೋನಲ್ಲಿ ಕಂಡ್ರೆ, ‘ಎಷ್ಟು ಜನ ಓಡಾಡಿದ್ದಕ್ಕೆ?’ ಅಂತ ಕೇಳಿ. ಆಮೇಲೆ ಇನ್ನೊಂದು ಪ್ರಶ್ನೆ, ‘ಆ ದಾರಿಗೆ ಬರದೇ ಹೋದವರು ಯಾರು?’

ಮುಂದಿನ ಕಂತಲ್ಲಿ ಸಿಗೋಣ. ಹುಷಾರಾಗಿ ಹೋಗಿ ಬನ್ನಿ.