ಶಾಲು-ಹಾರ ಆಯ್ತು, ಮುಂದೇನು? ನಮ್ಮೂರ ಸಾಧಕರ ಹೆಸರು ಪ್ರಶಸ್ತಿಗೆ ಕಳಿಸೋದು ಹೇಗೆ

ಕೊಪ್ಪಳ: ನವೆಂಬರ್ 1 ಬಂತಂದ್ರೆ ತಾಲ್ಲೂಕು ಕ್ರೀಡಾಂಗಣದಲ್ಲಿ ಧ್ವಜಾರೋಹಣ, ಮೆರವಣಿಗೆ, ಆಮೇಲೆ ಸಾಧಕರಿಗೆ ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ, ಒಂದು ಫಲಕ. ಮರುದಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ, ಅಲ್ಲಿಗೆ ಮುಗೀತು. ಅದೇ ವ್ಯಕ್ತಿಯ ಹೆಸರು ಜಿಲ್ಲೆಗೆ, ರಾಜ್ಯಕ್ಕೆ, ದೆಹಲಿಗೆ ಯಾಕೆ ಹೋಗಲ್ಲ ಅಂತ ಕೇಳಿದರೆ ಬಹುತೇಕ ಸಲ ಉತ್ತರ ಒಂದೇ: ಯಾರೂ ಅರ್ಜಿಯನ್ನೇ ಹಾಕಿರಲ್ಲ.

ಹೋಗೋದೇ ಇಲ್ಲ ಅಂತಲ್ಲ. ನಮ್ಮ ಮೋರನಾಳದ ತೊಗಲುಗೊಂಬೆಯಾಟದ ಹಿರಿಯಜ್ಜಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 90 ದಾಟಿತ್ತು. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರದು ಇನ್ನೊಂದು ಕಥೆ. ವಿದೇಶಿಯರು ಇಂಗ್ಲಿಷ್‌ನಲ್ಲಿ ಹಣ್ಣಿನ ರೇಟು ಕೇಳಿದಾಗ ಉತ್ತರ ಹೇಳಲು ಬರಲಿಲ್ಲ. ಆ ನೋವಿಗೆ ಊರಲ್ಲಿ ಶಾಲೆಯನ್ನೇ ಕಟ್ಟಿಸಿದರು. 2020ರ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಘೋಷಣೆ ಆಯ್ತು. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರನ್ನು ನಾವು ಎಷ್ಟು ಸಲ 'ಸಾಧಕರು' ಅಂತ ನೋಡಿದ್ದೀವಿ?

ಕುಶಲಕರ್ಮಿಗಳ ದಾರಿ ಇನ್ನೂ ಉದ್ದ. ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ರಾಜ್ಯ ಮತ್ತು ರಾಷ್ಟ್ರ ಮಟ್ಟದ ಪ್ರಶಸ್ತಿಗಳು ಮೊದಲೇ ಬಂದಿದ್ದವು. ಆದರೂ ಪದ್ಮಶ್ರೀ ಸಿಗುವ ಹೊತ್ತಿಗೆ 2023 ಆಗಿತ್ತು. ಹಲವು ವರ್ಷ ಪ್ರಯತ್ನಪಟ್ಟು ಆಸೆ ಬಿಟ್ಟಿದ್ದೆ ಅಂತ ಅವರು ಪ್ರಧಾನಿಯ ಎದುರೇ ಹೇಳಿದ್ದು ಆಗ ದೊಡ್ಡ ಸುದ್ದಿ. ಅಂದ್ರೆ ಒಂದು ಸಲ ಬರಲಿಲ್ಲ ಅಂತ ಫೈಲು ಮುಚ್ಚಿಡಬಾರದು.

ಈಗ ವಿಷಯಕ್ಕೆ ಬರೋಣ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು, ತಮ್ಮ ಹೆಸರನ್ನೇ ಕಳಿಸಿಕೊಳ್ಳಲೂ ಅವಕಾಶವಿದೆ. ಶಾಸಕರ ಪತ್ರ ಇರಲೇಬೇಕು ಅನ್ನೋದು ತಪ್ಪು ತಿಳಿವಳಿಕೆ. ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ, ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ. ಸಾಧನೆಯ ವಿವರ 800 ಪದ ಮೀರಬಾರದು. ಕೊನೆಯ ದಿನ ಬದಲಾಗುತ್ತಿರುತ್ತದೆ: 2025ರ ಪ್ರಶಸ್ತಿಗೆ ಸೆಪ್ಟೆಂಬರ್ 15 ಇತ್ತು, 2026ರದ್ದಕ್ಕೆ ಮೊದಲು ನಿಗದಿಯಾಗಿದ್ದು ಜುಲೈ 31. ಹಾಗಾಗಿ ಯುಗಾದಿ ಹೊತ್ತಿಗೇ ಒಮ್ಮೆ ಪೋರ್ಟಲ್ ನೋಡಿಕೊಳ್ಳೋದು ಒಳ್ಳೇದು. ವೈದ್ಯರು, ವಿಜ್ಞಾನಿಗಳನ್ನು ಬಿಟ್ಟು ಸೇವೆಯಲ್ಲಿರುವ ಸರ್ಕಾರಿ ನೌಕರರಿಗೆ ಇದು ಇಲ್ಲ. ಸಾಮಾನ್ಯವಾಗಿ ಮರಣೋತ್ತರವಾಗಿಯೂ ಕೊಡುವುದಿಲ್ಲ, ಅದಕ್ಕೇ ವಯಸ್ಸಾದವರ ಅರ್ಜಿ ಮೊದಲು ಹೋಗಬೇಕು.

ರಾಜ್ಯೋತ್ಸವ ಪ್ರಶಸ್ತಿಯಲ್ಲಿ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಇದೆ. ಹೆಸರು ಕಳಿಸುವ ಪದ್ಧತಿ ವರ್ಷದಿಂದ ವರ್ಷಕ್ಕೆ ಬದಲಾಗಿದೆ, ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಯಲ್ಲಿ ಆಗಸ್ಟ್‌ನಲ್ಲೇ ವಿಚಾರಿಸಿ. ಪದ್ಮದಲ್ಲಿ ನಗದು ಏನೂ ಇಲ್ಲ, ರಾಷ್ಟ್ರಪತಿಗಳ ಸಹಿ ಇರುವ ಸನದು ಮತ್ತು ಪದಕ ಅಷ್ಟೇ.

ವಿನ್ಯಾಸದ ಕೆಲಸ ಮಾಡುವವರಿಗೆ ಬೇರೆಯೇ ಬಾಗಿಲಿದೆ. ಕಿನ್ನಾಳದ ಚಿತ್ರಗಾರರು ಹಗುರವಾದ ಪೊಳಕಿ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಗೊಂಬೆ ಜೋಡಿಸಿ, ಕಿಟ್ಟ ಬಳಿದು, ಮೇಲೆ ಬಣ್ಣ ಹಾಕುತ್ತಾರೆ. ಭೌಗೋಳಿಕ ಸೂಚಿಕೆ (ಜಿಐ) ಇರುವುದು ಕಲೆಗೆ. ಅದರಲ್ಲಿ ಹೊಸ ರೂಪ ಕಂಡುಹಿಡಿದ ವ್ಯಕ್ತಿಗೆ ಹೆಸರು ಬರಬೇಕಾದರೆ ಅರ್ಜಿ ಬೇರೆ. ಕೇಂದ್ರ ಜವಳಿ ಸಚಿವಾಲಯ ಕರಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ಮತ್ತು ಶಿಲ್ಪಗುರು ಪ್ರಶಸ್ತಿ ಕೊಡುತ್ತದೆ. ಮೊದಲನೆಯದು 1965ರಿಂದ, ಎರಡನೆಯದು 2002ರಿಂದ ಇದೆ. ಭಾಗ್ಯನಗರದ ನೇಕಾರರಂಥವರಿಗೆ ಸಂತ ಕಬೀರ್ ಮತ್ತು ರಾಷ್ಟ್ರೀಯ ಕೈಮಗ್ಗ ಪ್ರಶಸ್ತಿಗಳಿವೆ. ಅದರಲ್ಲಿ ನೇಯ್ಗೆಗೆ ಬೇರೆ, ವಿನ್ಯಾಸಕ್ಕೆ ಬೇರೆ ವಿಭಾಗ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಕರಕುಶಲಕರ್ಮಿಗಳು ಮೊದಲು ಪೆಹಚಾನ್ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಅದಿಲ್ಲದೆ ಕೇಂದ್ರದ ಯೋಜನೆಗಳಿಗೆ ಅಲೆದಾಟ ತಪ್ಪಲ್ಲ.

ಅರ್ಜಿ ಸೋಲುವುದು ಸಾಧನೆ ಕಡಿಮೆ ಇರೋದಕ್ಕಲ್ಲ, ಕಾಗದ ಕಡಿಮೆ ಇರೋದಕ್ಕೆ ಅಂತ ನನ್ನ ಅನಿಸಿಕೆ. ನಮ್ಮ ಕಡೆ ಅರ್ಜಿಗಳಲ್ಲಿ 'ಸರಳ ಸಜ್ಜನಿಕೆಯ, ನಿಸ್ವಾರ್ಥ ಸೇವೆಯ ಮೂರ್ತಿ' ಅಂತ ಅರ್ಧ ಪುಟ ಬರೀತೀವಿ. ಓದುವವರಿಗೆ ಅದರಿಂದ ಏನೂ ಗೊತ್ತಾಗಲ್ಲ. ಯಾವ ಇಸವಿಯಲ್ಲಿ ಕೆರೆ ಹೂಳು ತೆಗೆಸಿದರು, ಎಷ್ಟು ಮನೆಗೆ ನೀರು ಬಂತು, ಎಷ್ಟು ಹುಡುಗರಿಗೆ ಕಸುಬು ಕಲಿಸಿದರು, ಅವರಲ್ಲಿ ಎಷ್ಟು ಜನ ಅದರಿಂದಲೇ ಹೊಟ್ಟೆ ಹೊರೀತಿದ್ದಾರೆ, ಇದನ್ನು ಬರೀರಿ. ಹಳೆ ಪತ್ರಿಕೆ ತುಣುಕು, ಪಂಚಾಯ್ತಿ ಠರಾವು, ಕೆಲಸದ ಫೋಟೊ ಕೂಡಿಸಿಡಿ. ಸನ್ಮಾನದ ಫೋಟೊ ಒಂದೆರಡು ಸಾಕು.

ಕುಶಲಕರ್ಮಿಗಳಾದರೆ ಪ್ರತಿ ಹೊಸ ಮಾದರಿಯ ಫೋಟೊ ತೆಗೆದು, ದಿನಾಂಕ ಬರೆದು ಇಟ್ಟುಕೊಳ್ಳಬೇಕು. ಮಾಡಿದವರು ಒಬ್ಬರು, ಮಾರಿದವರು ಇನ್ನೊಬ್ಬರು, ಹೆಸರು ಮೂರನೆಯವರಿಗೆ ಅನ್ನೋ ಜಗಳಕ್ಕೆ ಬೇರೆ ಸಾಕ್ಷಿ ಇರಲ್ಲ. ಅಂಗಡಿಯವರು ಇಲ್ಲೊಂದು ಉಪಕಾರ ಮಾಡಬಹುದು: ಮಾರುವ ಮಾಲಿನ ಚೀಟಿ ಮೇಲೆ ಮಾಡಿದವರ ಹೆಸರು, ಊರು ಹಾಕಿ. ಬಿಲ್ ಪುಸ್ತಕವೂ ಮುಂದೆ ದಾಖಲೆಯೇ.

ಎರಡು ಎಚ್ಚರಿಕೆ. 'ನಿಮಗೆ ರಾಷ್ಟ್ರೀಯ ಪ್ರಶಸ್ತಿ ಬಂದಿದೆ, ನೋಂದಣಿ ಶುಲ್ಕ ಕಟ್ಟಿ' ಅಂತ ಫೋನ್ ಬಂದರೆ ಅದು ಪ್ರಶಸ್ತಿಯಲ್ಲ, ವ್ಯಾಪಾರ. ಪದ್ಮಕ್ಕೆ ಹೆಸರು ಸೂಚಿಸಲು ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಇನ್ನೊಂದು, ಫ್ಲೆಕ್ಸ್ ಮಾಡಿಸುವವರಿಗೆ: ಪದ್ಮಶ್ರೀ ಬಿರುದಲ್ಲ. ಹೆಸರಿನ ಹಿಂದಾಗಲಿ ಮುಂದಾಗಲಿ ಅದನ್ನು ಸೇರಿಸಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1995ರ ಬಾಲಾಜಿ ರಾಘವನ್ ಪ್ರಕರಣದಲ್ಲೇ ಹೇಳಿದೆ. 'ಪದ್ಮಶ್ರೀ ಪುರಸ್ಕೃತರು' ಅಂತ ಕೆಳಗೆ ಬೇರೆ ಸಾಲಿನಲ್ಲಿ ಹಾಕಿದರೆ ಸರಿ.

ಆನ್‌ಲೈನ್ ಅರ್ಜಿ ತುಂಬಲು ಬಾರದವರು ಹತ್ತಿರದ ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬಹುದು. ಹೋಗುವಾಗ ಗುರುತಿನ ಚೀಟಿ ಜೊತೆಗೆ ಆ 800 ಪದಗಳ ಬರಹವನ್ನು ಮೊದಲೇ ಬರೆಸಿಕೊಂಡು ಹೋಗಿ. ಕಂಪ್ಯೂಟರ್ ಮುಂದೆ ಕೂತು ಅವಸರದಲ್ಲಿ ಬರೆಸಿದರೆ ಅರ್ಧ ವಿಷಯ ಬಿಟ್ಟೇ ಹೋಗುತ್ತದೆ. ಊರಿನ ಶಾಲೆ ಮೇಷ್ಟ್ರು ಒಂದು ಭಾನುವಾರ ಕೂತರೆ ಆಗುವ ಕೆಲಸ ಇದು.